ಏಣಿಯ ಮೇಲೆ ಚಾಕು ಬಿಚ್ಚುವ ಬಗೆ

ಬಹಳ ಹಿಂದೆ, ಎಂದರೆ ಅಷ್ಟೇನೂ ಹಿಂದೆಯಲ್ಲ, ಜನ ಗೋಡೆ ಗಡಿಯಾರಗಳಿಗೆ ಇನ್ನೂ ಕೀಲಿ ಕೊಡುತ್ತಿದ್ದ ದಿನಗಳಲ್ಲಿ, ಒಂದು ನಾಟಕಶಾಲೆಯ ಮಾಡಿನ ಕೆಳಗೆ ಒಂದು ಪರದೆ ನಿದ್ದೆ ಹೋಗಿತ್ತು. ರಾಜಕುಮಾರಿಯರು ನಿದ್ದೆ ಹೋಗುವುದು ಎಲ್ಲರಿಗೂ ಗೊತ್ತು, ಹೊಟ್ಟೆ ತುಂಬಿದ ರಾಕ್ಷಸರು ನಿದ್ದೆ ಹೋಗುವುದೂ ಗೊತ್ತು. ಪರದೆಯೊಂದು ನಿದ್ದೆ ಹೋದದ್ದನ್ನು ಯಾವ ಅಜ್ಜಿಯೂ ಹೇಳಿರಲಿಕ್ಕಿಲ್ಲ. ಆದರೂ ಅದು ಹೋಗಿತ್ತು. ಮಾಡು ಸೋರಿ ನಾಟಕಶಾಲೆ ಮುಚ್ಚಿದ ವರ್ಷ ಅದನ್ನು ಕೆಳಗಿನಿಂದ ಮೇಲಕ್ಕೆ ಉದ್ದನೆಯ ಮರದ ಗಳಕ್ಕೆ ಸುತ್ತಿ, ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಕಟ್ಟು ಬಿಗಿದು ಮೇಲೆ ಬಿಟ್ಟಿದ್ದರು. ಗಂಟುಗಳ ಮೇಲೆ ಧೂಳು ಕೂತು, ಧೂಳಿನ ಮೇಲೆ ಗೋಡೆಯ ಸುಣ್ಣ ಸುರಿದು, ನೀರು ಹನಿದು, ಈಗ ಅವು ಕಲ್ಲಾಗಿದ್ದವು. ಬಿಚ್ಚುವ ಮಾತೇ ಇಲ್ಲ, ಕುಯ್ಯಬೇಕು.

ಕಟ್ಟಿದವಳು ಹಗ್ಗದತ್ತೆ. ಇಳಿಸಿಕೊಡುತ್ತೇನೆಂದು ಮಾತು ಕೊಟ್ಟವಳೂ ಅವಳೇ.

ರಂಗದ ಮೇಲಿನ ಹಗ್ಗ, ರಾಟೆ, ಗಳಗಳೆಲ್ಲ ಅವಳ ಸುಪರ್ದಿಯಲ್ಲಿದ್ದುದರಿಂದ ನಾಟಕಶಾಲೆಗೆ ನಾಟಕಶಾಲೆಯೇ ಅವಳನ್ನು ಹಗ್ಗದತ್ತೆ ಎನ್ನುತ್ತಿತ್ತು. ನಿಜವಾಗಿ ಅವಳು ಅತ್ತೆಯಾಗಬೇಕಾದದ್ದು ಒಬ್ಬಳಿಗೆ ಮಾತ್ರ, ಅಣ್ಣನ ಮಗಳಿಗೆ. ಆ ಹುಡುಗಿ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಪರದೆಗಳ ಅಂಚು ಹೊಲಿಯುತ್ತಿದ್ದಳು. ಮೈಯೂ ಸಪೂರ, ಕೆಲಸವೂ ಅದೇ, ಹಾಗಾಗಿ ಅವಳು ಸೂಜಿ. ಅಜ್ಜಿಯ ಕತೆಗಳನ್ನು ಕೇಳಿ ಬೆಳೆದವಳು. ಹೊಲಿಯುತ್ತ ಹೊಲಿಯುತ್ತ ಎಲ್ಲೋ ಗಾಜಿನ ಬೆಟ್ಟ ಹತ್ತುತ್ತಿರುವವಳ ಹಾಗೆ ಕಣ್ಣು ಬಿಟ್ಟುಕೊಂಡು ಕೂತುಬಿಡುತ್ತಿದ್ದಳು. ಗಾಜಿನ ಬೆಟ್ಟವಾದರೆ ಸರಿ, ಮೂರು ಕಾಲಿನ ಮಣೆಗಿಂತ ಎತ್ತರದ ನಿಜವಾದ ಯಾವುದನ್ನೂ ಅವಳು ಹತ್ತಿದವಳಲ್ಲ.

ನಾಟಕಶಾಲೆ ಮತ್ತೆ ಬಾಗಿಲು ತೆರೆಯುವುದೆಂದು ನಿಶ್ಚಯವಾದಾಗ ಯಜಮಾನಮ್ಮ ಹಗ್ಗದತ್ತೆಯನ್ನು ಕರೆದು ಮೆಲ್ಲಗೆ ಹೇಳಿದ್ದರು.

"ಬೇಜಾರು ಮಾಡ್ಕೋಬೇಡಿ. ಏಣಿ ಕೆಲಸಕ್ಕೆ ಹೊರಗಿನವರನ್ನ ಕರೆಸ್ತೀನಿ. ನೀವು ಟಿಕೆಟ್ ಕಿಟಕೀಲಿ ಆರಾಮಾಗಿ ಕೂತ್ಕೊಳ್ಳಿ."

"ಕಿಟಕೀಲಿ ಕೂತ್ಕೊಳ್ಳೋಕೆ ನಾನೇನು ಬೆಕ್ಕಾ?" ಅಂದಿದ್ದಳು ಅತ್ತೆ. "ಮೊದಲನೇ ನಾಟಕಕ್ಕೆ ಮುಂಚೆ ಆ ಪರದೆ ಕೆಳಗಿರತ್ತೆ, ನನ್ನ ಕೈಯಿಂದಲೇ. ಆಗಲಿಲ್ವಾ, ನೀವು ಹೇಳೋದೇ ಬೇಡ, ನಾನೇ ಹೋಗಿ ಕಿಟಕೀಲಿ ಕೂರ್ತೀನಿ."

ಅತ್ತೆಗೆ ಏಣಿಯೆಂದರೆ ಉಳಿದವರಿಗೆ ಮನೆಯ ಜಗಲಿಯಿದ್ದ ಹಾಗೆ. ಅಲ್ಲಿಂದ ಇಳಿದರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಏಣಿಯ ಮೇಲೆ ಅವಳದೊಂದು ಕಟ್ಟುನಿಟ್ಟು ಇತ್ತು. ಒಂದು ಕೈ ಏಣಿಯನ್ನು ಬಿಡಕೂಡದು, ಆಕಾಶವೇ ಕಳಚಿ ಬಿದ್ದರೂ. ಅಂದಮೇಲೆ ಮಡಚುವ ಚಾಕುವನ್ನು ಉಳಿದ ಒಂದೇ ಕೈಯಲ್ಲಿ ಬಿಚ್ಚಬೇಕು. ಹೇಗೆ ಬಿಚ್ಚಬೇಕೆಂಬುದರ ಮೇಲೆ ಆ ನಾಟಕಶಾಲೆಯಲ್ಲಿ ನಡೆದಷ್ಟು ಜಗಳ ಬೇರೆ ಯಾವುದರ ಮೇಲೂ ನಡೆದಿರಲಿಲ್ಲ. ಬಡಗಿ ಮಣಿಕಟ್ಟನ್ನು ಝಾಡಿಸಿ ಫಟ್ಟೆಂದು ಬಿಚ್ಚುತ್ತಿದ್ದ. ಅತ್ತೆಯ ಗಂಡ, ರಂಗದ ದೀಪಗಳನ್ನು ನೋಡಿಕೊಳ್ಳುವ ಮಾವ, ಅಲಗಿನ ಮೇಲೆ ಉಗುರು ಸಿಕ್ಕಿಸಲು ಇರುವ ಗೀರನ್ನು ಪ್ಯಾಂಟಿನ ದಪ್ಪ ಹೊಲಿಗೆಗೆ ಸಿಕ್ಕಿಸಿ ಎಳೆದು ಬಿಚ್ಚುತ್ತಿದ್ದ. ಅತ್ತೆ ಇಬ್ಬರನ್ನೂ ಗಂಡಸರ ಸರ್ಕಸ್ಸು ಎಂದು ಮೂಗು ಮುರಿಯುತ್ತಿದ್ದಳು.

"ಹೆಬ್ಬೆರಳಿಂದ ನಿಧಾನಕ್ಕೆ ತಳ್ಳು, ಕಟ್ ಅಂತ ಕೇಳೋವರೆಗೂ ಬಿಡಬೇಡ. ಉಳಿದ ಬೆರಳು ಅಲಗಿನ ದಾರಿಗೆ ಅಡ್ಡ ಬರಬಾರದು. ಇದಕ್ಕೆ ಇನ್ನೊಂದು ದಾರಿ ಇಲ್ಲ."

ಹೀಗೆ ಹೇಳಿ ಹೇಳಿ ಎಷ್ಟು ಜನರ ಬೆರಳ ಗೆಣ್ಣಿಗೆ ಕುಟ್ಟಿದ್ದಳೋ.

ಅಂಥ ಅತ್ತೆಯನ್ನು ಸೂಜಿ ಒಂದು ಬೆಳಿಗ್ಗೆ ನೋಡಬಾರದ ಸ್ಥಿತಿಯಲ್ಲಿ ನೋಡಿಬಿಟ್ಟಳು.

ಹೊಲಿದ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ರಂಗದ ಬದಿಯಿಂದ ಬಂದಳು. ಬೇರೆ ಯಾರೂ ಇರಲಿಲ್ಲ. ಎರಡು ಬದಿಗೂ ಮೆಟ್ಟಿಲಿರುವ ಜೋಡಿ ಏಣಿಯ ತುದಿಯಲ್ಲಿ ಅತ್ತೆ ನಿಂತಿದ್ದಳು, ಹಳೆಯ ರಾಟೆಯೊಂದರ ದಾರ ಕುಯ್ಯಲು. ಎಡಗೈ ಏಣಿಯ ಮೇಲೆ. ಬಲಗೈಯಲ್ಲಿ ಚಾಕು. ಆ ಕೈ ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ಬಾಯಿಯ ಹತ್ತಿರ ಹೋಯಿತು. ಅತ್ತೆ ಅಲಗಿನ ಬೆನ್ನನ್ನು ಹಲ್ಲಿನಿಂದ ಕಚ್ಚಿ, ಬಾಗಿಲ ಚಿಲಕ ಎಳೆಯುವ ಹಾಗೆ, ಹಿಡಿಯನ್ನು ಎಳೆದಳು. ಅಲಗು ತುಟಿಯ ಪಕ್ಕದಲ್ಲೇ ಮಿಂಚಿ ತೆರೆದುಕೊಂಡಿತು.

ಸೂಜಿಯ ಹೆಗಲ ಮೇಲಿನ ಬಟ್ಟೆ ಜಾರಿ ನೆಲಕ್ಕೆ ಬಿತ್ತು.

"ಅತ್ತೇ!"

"ಊಂ?" ಅಂದಳು ಅತ್ತೆ, ಚಾಕು ಇನ್ನೂ ಹಲ್ಲಿನಲ್ಲೇ.

ಆಮೇಲೆ ಏನೂ ಆಗದವಳಂತೆ ದಾರ ಕುಯ್ದು, ಅಲಗಿನ ಬೆನ್ನನ್ನು ಏಣಿಯ ಮೆಟ್ಟಿಲಿಗೆ ಒತ್ತಿ ಮಡಚಿ, ಕಿಸೆಗೆ ಹಾಕಿಕೊಂಡು ಇಳಿದು ಬಂದಳು. ಇಳಿದವಳು ಸೂಜಿಯ ತೋಳು ಹಿಡಿದು ಬಣ್ಣದ ಡಬ್ಬಿಗಳ ಹಿಂದಕ್ಕೆ ಎಳೆದೊಯ್ದಳು.

"ಕಂಡಿದ್ದು ಕಣ್ಣಲ್ಲೇ ಇರಲಿ. ಬಾಯಿಗೆ ಬಂತೋ, ನೋಡು ಮತ್ತೆ."

"ಹಲ್ಲಲ್ಲಿ, ಅತ್ತೆ! ನೀವು! ನನಗೆ ಕೈಕಾಲೆಲ್ಲ ತಣ್ಣಗಾಗಿದೆ. ಮುಟ್ಟಿ ನೋಡಿ."

"ನಿನ್ನ ಕೈ ಯಾವಾಗಲೂ ತಣ್ಣಗೇ ಇರತ್ತೆ." ಅತ್ತೆ ತನ್ನ ಬಲಗೈ ಚಾಚಿದಳು. ನಾಲ್ಕು ಬೆರಳು ಮಡಚಿ ಮುಷ್ಟಿಯಾದವು. ಹೆಬ್ಬೆರಳು ಮಾತ್ರ ಪಂಕ್ತಿಗೆ ಕರೆಯದ ನೆಂಟನ ಹಾಗೆ ದೂರವೇ ನಿಂತಿತು. "ಚಳಿಗಾಲದಿಂದ ಹೀಗೆ. ಚಾಕು ಹಿಡಿಯೋಕೆ ತೊಂದರೆ ಇಲ್ಲ, ಕುಯ್ಯೋಕೂ ಇಲ್ಲ. ತಳ್ಳು ಅಂದ್ರೆ ಮಾತ್ರ ಕೇಳಲ್ಲ. ಕುಪ್ಪಸದ ಗುಂಡಿ ಹಾಕೋಕೂ ಆಗಲ್ಲ ಕಣೇ. 'ನೀವೇ ಹಾಕ್ರಿ' ಅಂತೀನಿ ನಿನ್ನ ಮಾವನಿಗೆ. ಆ ಮನುಷ್ಯ ಈ ವಯಸ್ಸಲ್ಲಿ ಪ್ರೀತಿ ಉಕ್ಕಿದೆ ಅಂದ್ಕೊಂಡು ಮೀಸೆ ತಿರುವ್ಕೊಂಡು ಓಡಾಡ್ತಿದಾರೆ."

ನಗು ಬರಬೇಕಿತ್ತು. ಸೂಜಿಗೆ ಬರಲಿಲ್ಲ.

"ಎಡಗೈಯಲ್ಲಿ ಬಿಚ್ಚಿ ಹಾಗಾದ್ರೆ."

"ಆಗ ಏಣಿ ಹಿಡಿಯೋದು ಈ ಕೈಯಾ? ಹೆಬ್ಬೆರಳಿಲ್ಲದೆ ಮೆಟ್ಟಿಲು ಹಿಡಿದ್ರೆ ಅದು ಹಿಡಿದ ಹಾಗಲ್ಲ, ಮುಟ್ಟಿದ ಹಾಗೆ." ಅತ್ತೆ ದನಿ ತಗ್ಗಿಸಿದಳು. "ಯಜಮಾನಮ್ಮನಿಗೆ ಗೊತ್ತಾದ್ರೆ ನಾಳೆನೇ ಕಿಟಕಿ. ಪರದೆ ಇಳಿಸೋವರೆಗೆ ಸುಮ್ಮನಿರು. ಮೂರು ಕಟ್ಟು ಅಷ್ಟೇ. ಹಲ್ಲು ಗಟ್ಟಿಯಾಗೇ ಇದೆ."

ಸೂಜಿಗೆ ಆ ಹೊತ್ತೆಲ್ಲ ಕಣ್ಣ ಮುಂದೆ ಅದೇ. ಮೂರು ಕಟ್ಟು, ಮೂರು ಸಲ ಬಾಯಿ. ಕೈ ಒಂದಿಷ್ಟು ಜಾರಿದರೆ ತುಟಿ, ಕೆನ್ನೆ. ಬೆಚ್ಚಿ ಕೈ ಬಿಟ್ಟರೆ ಏಣಿ. ಏನಾದರೂ ಮಾಡಲೇಬೇಕು. ಆದರೆ ಹೊಲಿಗೆ ಯಂತ್ರದ ಮುಂದೆ ಬದುಕಿದವರಿಗೆ ಬಿಗಿಯಾದದ್ದಕ್ಕೆಲ್ಲ ಗೊತ್ತಿರುವ ಮದ್ದು ಒಂದೇ. ಅತ್ತೆ ಊಟಕ್ಕೆ ಕೈ ತೊಳೆಯಲು ಹೋದಾಗ ಮೊಳೆಗೆ ತೂಗುಹಾಕಿದ್ದ, ಸೊಂಟಕ್ಕೆ ಕಟ್ಟುವ ಮೇಲುಡುಪಿನ ಕಿಸೆಯಿಂದ ಚಾಕು ತೆಗೆದಳು. ಅಲಗು ತಿರುಗುವ ಕೀಲಿಗೆ ಯಂತ್ರದ ಎಣ್ಣೆ ಬಿಟ್ಟಳು. ಸಣ್ಣ ತಿರುಪುಳಿಯಿಂದ ತಿರುಪನ್ನು ಒಂದಿಷ್ಟು ಸಡಿಲಿಸಿದಳು, ಯಂತ್ರದ ಪಾದ ಬಿಗಿಯಾದಾಗ ಮಾಡುವ ಹಾಗೆಯೇ. ಅಲಗು ಈಗ ಉಸಿರು ತಾಕಿದರೂ ತೆರೆಯುವಷ್ಟು ಹಗುರ. ಅತ್ತೆ ನೋಡಿದರೆ ಬೆಕ್ಕಸ ಬೆರಗಾಗಬೇಕು ಎಂದುಕೊಂಡು ಅದನ್ನು ಮತ್ತೆ ಕಿಸೆಯಲ್ಲಿಟ್ಟಳು.

ಬೆರಗಾದದ್ದು ಹೌದು. ಊಟ ಮುಗಿಸಿ ಬಂದ ಅತ್ತೆ ಮೇಲುಡುಪು ಕಟ್ಟಿಕೊಂಡು, ನಾಟಕದ ಸಿಂಹಾಸನದ ಮೇಲೆ ಉಸ್ಸೆಂದು ಕೂತಳು. ಪರ್ರ್ ಎಂದು ಬಟ್ಟೆ ಹರಿದ ಸದ್ದು. ಕಿಸೆಯ ತಳವನ್ನು ಸೀಳಿಕೊಂಡು ಅಲಗಿನ ತುದಿ ಹೊರಗೆ ಬಂದು, ತೊಡೆಯಿಂದ ಒಂದು ಬೆರಳಿನ ದೂರದಲ್ಲಿ ಸಿಂಹಾಸನದ ಮೆತ್ತೆಗೆ ಚುಚ್ಚಿ ನಿಂತಿತ್ತು.

ಅತ್ತೆ ಅಲುಗಲಿಲ್ಲ. ರೆಪ್ಪೆ ಕೂಡ.

"ಸೂಜೀ. ನನ್ನ ತೊಡೆ ಇದೆಯಾ ನೋಡು."

ಸೂಜಿ ಬಗ್ಗಿ ನೋಡಿದಳು. "ಇದೆ."

"ರಕ್ತ?"

"ಇಲ್ಲ, ಅತ್ತೆ."

"ಇದಕ್ಕೆ ಏನು ಮಾಡಿದೆ?"

"ಎಣ್ಣೆ... ತಿರುಪು ಒಂಚೂರು..."

ಅತ್ತೆ ಬೈಯಬಹುದೆಂದು ಸೂಜಿ ಕಾದಳು. ಅತ್ತೆ ಬೈಯಲಿಲ್ಲ, ಅದರಿಂದ ಇನ್ನೂ ಹೆದರಿಕೆಯಾಯಿತು. ಎದ್ದು ನಿಂತು, ಸೀಳಿದ ಕಿಸೆಯಿಂದ ಚಾಕುವನ್ನು ಹೊರಗೆಳೆದು, ಅದನ್ನು ಹಾವಿನ ಮರಿಯ ಹಾಗೆ ದೂರ ಹಿಡಿದಳು.

"ಚಾಕು ನಾನು ಕರೆದಾಗ ಬರಬೇಕು, ತಾಯಿ. ಅದಕ್ಕೆ ಒಳಗೆ ಬೇಸರವಾದಾಗಲ್ಲ."

ಸೂಜಿ ತಿರುಪನ್ನು ಮತ್ತೆ ಬಿಗಿಮಾಡಲು ಹೋದಳು. ಹಳೆಯ ತಿರುಪು, ಸವೆದಿತ್ತು. ಸುಮ್ಮನೆ ಸುತ್ತಿತೇ ಹೊರತು ಹಿಡಿಯಲಿಲ್ಲ. ಅತ್ತೆಯ ಕೈಗೆ ಅಷ್ಟು ವರ್ಷ ಒಗ್ಗಿದ್ದ ಚಾಕು ಕೆಲಸಕ್ಕೆ ಬಾರದ್ದಾಯಿತು. ಮೊದಲ ನಾಟಕ ಹೊಸ್ತಿಲಿಗೆ ಬಂದು ನಿಂತಿತ್ತು. ಸೂಜಿಗೆ ಅಳು ಒತ್ತರಿಸಿ ಬಂತು. ಒಳ್ಳೆಯದು ಮಾಡಲು ಹೋಗಿ ಅತ್ತೆಯನ್ನು ತಾನೇ ಕಿಟಕಿಗೆ ತಳ್ಳಿದ ಹಾಗಾಗಿತ್ತು.

ಕಣ್ಣೊರೆಸಿಕೊಂಡು ನೇರ ಬಡಗಿಯ ಹತ್ತಿರ ಹೋದಳು. ಮಾವನೂ ಅಲ್ಲೇ ಕೂತು ತಂತಿ ಸುತ್ತುತ್ತಿದ್ದ.

"ನನಗೊಂದು ಚಾಕು ಬೇಕು. ಒಂದು ಕೈಯಲ್ಲಿ ಬಿಚ್ಚೋಕೆ ಬರಬೇಕು. ಹೆಬ್ಬೆರಳು ಮುಟ್ಟಬಾರದು."

"ಹೆಬ್ಬೆರಳು ಏನು ಪಾಪ ಮಾಡಿದೆ?" ಅಂದ ಮಾವ.

ಬಡಗಿ ಮಾತ್ರ ಇಂಥ ಪ್ರಶ್ನೆಗೇ ಜೀವಮಾನವಿಡೀ ಕಾದವನಂತೆ ಎದ್ದು ನಿಂತ. ಅವನ ಚಾಕುವಿನ ಅಲಗಿನಲ್ಲಿ ದುಂಡನೆಯ ತೂತೊಂದಿತ್ತು. "ಇದು ಬಿಚ್ಚಿದ ಮೇಲೆ ಬೀಗ ಬಿದ್ದ ಹಾಗೆ. ಹಿಡಿಯ ಬೆನ್ನಿನ ಪಟ್ಟಿ ಒತ್ತದೆ ಮಡಚೋದೇ ಇಲ್ಲ, ಬೆರಳು ಕುಯ್ಯೋ ಭಯ ಇಲ್ಲ. ಬಿಚ್ಚೋದಾ? ಹೆಬ್ಬೆರಳು ಯಾಕೆ ಬೇಕು? ಮಣಿಕಟ್ಟು ಸಾಕು. ನೋಡ್ಕೋ, ರೆಪ್ಪೆ ಹೊಡೀಬೇಡ."

ಸೂಜಿ ರೆಪ್ಪೆ ಹೊಡೆಯಲಿಲ್ಲ. ಬಡಗಿ ಝಾಡಿಸಿದ. ಕೈಯಲ್ಲಿ ಬೆವರಿತ್ತೋ, ಹೊಗಳಿಸಿಕೊಳ್ಳುವ ಆಸೆ ಹೆಚ್ಚಾಯಿತೋ, ಚಾಕು ಕೈಯಿಂದ ಹಾರಿ, ಮಾವನ ಕಿವಿಯ ಪಕ್ಕದಲ್ಲಿ ಸುಯ್ಯೆಂದು ಹೋಗಿ, ಹಿಂದೆ ಒಣಗಲು ಇಟ್ಟಿದ್ದ ರಟ್ಟಿನ ಹುಣ್ಣಿಮೆ ಚಂದ್ರನ ನಡುಮಧ್ಯಕ್ಕೆ ನೆಟ್ಟುಕೊಂಡು ನಡುಗುತ್ತ ನಿಂತಿತು.

ಮಾವ ಮೊದಲು ಎಡಗಿವಿ ಮುಟ್ಟಿ ನೋಡಿಕೊಂಡ, ಆಮೇಲೆ ಬಲಗಿವಿ.

"ಚಂದ್ರನಿಗೆ ಏನು ಹೇಳೋಣ ಈಗ?" ಅಂದ ಕೊನೆಗೆ, ದನಿ ಸಣ್ಣಗಾಗಿತ್ತು.

"ಕೈ ಜಾರ್ತು," ಅಂದ ಬಡಗಿ. ಮುಖ ಸುಣ್ಣವಾಗಿತ್ತು. "ಯಾವತ್ತೂ ಹೀಗಾಗಿಲ್ಲ ಅಣ್ಣಾ."

"ಒಂದೇ ಸಲ ಆಗಿದ್ರೂ ಸಾಕಿತ್ತಪ್ಪಾ ನನಗೆ." ಮಾವ ಎದ್ದು ಚಂದ್ರನಿಂದ ಚಾಕು ಕಿತ್ತು, ಬಡಗಿ ತೋರಿಸಿದ ಹಾಗೆ ಪಟ್ಟಿ ಒತ್ತಿ ಮಡಚಿ ಸೂಜಿಗೆ ಕೊಟ್ಟ. "ಇದನ್ನ ನೀನೇ ಇಟ್ಕೋ, ಇವನ ಕೈಯಲ್ಲಿ ಬೇಡ. ನನ್ನ ಹಾಗೆ ಬಟ್ಟೆಗೆ ಸಿಕ್ಕಿಸಿ ಎಳಿ. ಕೈಗಿಂತ ಬಟ್ಟೆ ಯಾವಾಗಲೂ ನಂಬಿಕಸ್ತ."

ಬಟ್ಟೆ ಎಂದ ಕೂಡಲೇ ಸೂಜಿಯ ತಲೆ ಓಡತೊಡಗಿತು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲಗಿನ ತೂತಿನೊಳಗೆ ಮೇಣದ ದಾರ ಪೋಣಿಸಿ, ಸುತ್ತಿ ಸುತ್ತಿ, ಕಡಲೆಕಾಳಿನಷ್ಟು ಗಟ್ಟಿ ಗಂಟು ಮಾಡಿದಳು. ಅತ್ತೆಯ ಹರಿದ ಕಿಸೆಯನ್ನು ಕಿತ್ತು ದಪ್ಪ ಡೇರೆಬಟ್ಟೆಯ ಹೊಸ ಕಿಸೆ ಹೊಲಿದಳು, ಹಿಂಬದಿಯ ಮೂಲೆಗೆ ಚರ್ಮದ ತುಂಡಿಟ್ಟು. ಚಾಕುವನ್ನು ಕಿಸೆಯಿಂದ ಹಿಂದಕ್ಕೆ ಎಳೆದರೆ ಗಂಟು ಆ ಮೂಲೆಗೆ ಸಿಕ್ಕಿ, ಹೊರಗೆ ಬರುವಷ್ಟರಲ್ಲಿ ಅಲಗು ತಾನೇ ತೆರೆದು ಕಟ್ಟೆಂದು ನಿಲ್ಲಬೇಕು. ಸುಮ್ಮನೆ ಒಳಗಿದ್ದಾಗ ಅದು ಕಲ್ಲಿನಂತೆ ಮುಚ್ಚಿಕೊಂಡೇ ಇರಬೇಕು. ಕುಲುಕಿದಳು, ಬಡಿದಳು, ತಲೆಕೆಳಗು ಮಾಡಿದಳು. ಮುಚ್ಚಿಕೊಂಡೇ ಇತ್ತು.

ಅತ್ತೆ ಮೊದಲು ನಂಬಲಿಲ್ಲ. "ಮತ್ತೆ ಎಣ್ಣೆ ಬಿಟ್ಟಿಲ್ಲ ತಾನೇ?"

"ಒಂದು ತೊಟ್ಟೂ ಇಲ್ಲ. ಮೊಣಕೈ ಹಿಂದಕ್ಕೆ ಎಳೀರಿ. ಹಿಂದೆ ಯಾರೂ ನಿಂತಿರಬಾರದು."

ಅತ್ತೆ ನಾಲ್ಕು ಬೆರಳಿನಲ್ಲಿ ಹಿಡಿದು ಎಳೆದಳು. ಕಟ್. ಕೈಯಲ್ಲಿ ಚಾಕು, ಪೂರ್ತಿ ತೆರೆದು ನಿಂತಿತ್ತು. ಅತ್ತೆ ಕಣ್ಣು ಕಣ್ಣು ಬಿಟ್ಟಳು. ಮಡಚಿ ಇಟ್ಟು ಮತ್ತೆ ಎಳೆದಳು. ಕಟ್. ಸಂಜೆಯವರೆಗೂ ನಾಟಕಶಾಲೆಯ ಮೂಲೆಯಿಂದ ಅದೇ ಸದ್ದು, ನಡುನಡುವೆ ಅತ್ತೆಯ ನಗು. "ಹೆಬ್ಬೆರಳೊಂದೇ ದಾರಿ ಅಂತ ಎಷ್ಟು ಜನರ ಗೆಣ್ಣು ಮುರಿದೆನಲ್ಲೇ ನಾನು!"

ಪರದೆ ಇಳಿಸುವ ದಿನ ಯಜಮಾನಮ್ಮ ಮೂರನೆಯ ಸಾಲಿನಲ್ಲಿ ಚಹಾದ ಲೋಟ ಹಿಡಿದು ಕೂತರು. ಮಾವ, ಬಡಗಿ ಏಣಿಯ ಎರಡು ಕಾಲು ಹಿಡಿದು ನಿಂತರು. ಅತ್ತೆ ಎಡಗಡೆಯ ಕಟ್ಟಿನ ಕೆಳಗೆ ನಿಲ್ಲಿಸಿದ್ದ ಆ ಏಣಿ ಹತ್ತಿದಳು. ಎಡಗೈ ಏಣಿಗೆ. ಬಲಗೈ ಕಿಸೆಗೆ. ಮೊಣಕೈ ಹಿಂದಕ್ಕೆ. ಕಟ್. ಕಲ್ಲಾದ ಹಗ್ಗದ ಮೇಲೆ ಅಲಗು ಗರಗರ ಆಡಿತು, ಧೂಳು ಉದುರಿತು, ಕಟ್ಟು ತುಂಡಾಯಿತು. ಗಳದ ಎಡತುದಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದಿಷ್ಟು ಜಗ್ಗಿತು.

"ಭೇಷ್!" ಅಂದರು ಯಜಮಾನಮ್ಮ.

ಇನ್ನು ಅತ್ತೆ ಇಳಿಯಬೇಕು, ಏಣಿ ಸರಿಸಬೇಕು. ಅತ್ತೆ ಇಳಿಯಲಿಲ್ಲ.

ನಿಂತೇ ಇದ್ದಳು, ಕೈಯಲ್ಲಿದ್ದ ಚಾಕುವನ್ನು ಪರಕೀಯನನ್ನು ನೋಡುವಂತೆ ನೋಡುತ್ತ. ಅಲಗಿನ ಬೆನ್ನನ್ನು ಮೆಟ್ಟಿಲಿಗೆ ಒತ್ತಿದಳು. ಅದು ಬಗ್ಗಲಿಲ್ಲ. ಇನ್ನೂ ಜೋರಾಗಿ ಒತ್ತಿದಳು.

ಆಗ ಸೂಜಿಗೆ ಹೊಳೆಯಿತು. ಬಿಚ್ಚುವುದು, ಬಿಚ್ಚುವುದು, ಎಲ್ಲರೂ ಬಿಚ್ಚುವುದನ್ನಷ್ಟೇ ಯೋಚಿಸಿದ್ದರು. ಇದು ಹಳೆಯ ಚಾಕುವಲ್ಲ. ಪಟ್ಟಿ ಒತ್ತದೆ ಮಡಚುವುದಿಲ್ಲ, ಪಟ್ಟಿ ಒತ್ತಲು ಹೆಬ್ಬೆರಳು ಬೇಕು. ನೆಲದ ಮೇಲೆ ಅಷ್ಟು ಸಲ ಮಡಚಿದಾಗ ಅತ್ತೆ ಎಡ ಅಂಗೈಯಿಂದ ಒತ್ತಿದ್ದಳು. ಅದು ಎರಡನೆಯ ಕೈ ಎಂಬುದು ಅವಳಿಗೂ ಗಮನಕ್ಕೆ ಬಂದಿರಲಿಲ್ಲ, ಎದುರಿಗೇ ಕೂತಿದ್ದ ಸೂಜಿಗೂ ಬಂದಿರಲಿಲ್ಲ.

"ಏನಾಯ್ತೇ?" ಮಾವ ಕೆಳಗಿನಿಂದ ಕೂಗಿದ. "ಇಳಿ!"

"ಬಿಚ್ಚಿದ ಚಾಕು ಹಿಡ್ಕೊಂಡು ಇಳಿಯೋಳಲ್ಲ ನಾನು."

"ಹಾಗಾದ್ರೆ ಕೆಳಗೆ ಹಾಕು, ನಾವು ಸರಿದು ನಿಲ್ತೀವಿ."

"ನೀವು ಏಣಿ ಬಿಟ್ಟು ಸರೀಬೇಕು, ನಾನು ಚಾಕು ಬಿಟ್ಟು ನಿಲ್ಬೇಕು. ಚೆನ್ನಾಗಿದೆ!" ದನಿಯಲ್ಲಿ ತಮಾಷೆಯಿತ್ತು. ಸೂಜಿಗೆ ಕಂಡದ್ದು ಬೇರೆ. ಅತ್ತೆಯ ಬಲಗೈ ನಿಧಾನಕ್ಕೆ ಮೇಲೆ ಹೋಗುತ್ತಿತ್ತು, ಬಾಯಿಯ ಕಡೆಗೆ. ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಒತ್ತಲು. ಒತ್ತಿದರೆ ಅಲಗು ಕೆನ್ನೆಯ ಮೇಲೇ ಮಡಚಿಕೊಳ್ಳುತ್ತದೆ.

"ಅತ್ತೇ, ಬೇಡಾ!"

ಮುಂದಿನದನ್ನು ಯೋಚಿಸಿದ್ದರೆ ಸೂಜಿ ಮಾಡುತ್ತಿರಲಿಲ್ಲ. ಜೋಡಿ ಏಣಿಯ ಆಚೆ ಬದಿಗೆ ಓಡಿ ಮೆಟ್ಟಿಲು ಹತ್ತತೊಡಗಿದಳು. ಗಾಜಿನ ಬೆಟ್ಟ ಹತ್ತುವವರು ಕೆಳಗೆ ನೋಡುವುದಿಲ್ಲ ಎಂದು ಅಜ್ಜಿ ಹೇಳಿದ್ದಳು. ಏಣಿ ಹೀಗೆ ಜೀವವಿದ್ದ ಪ್ರಾಣಿಯಂತೆ ಅದುರುತ್ತದೆಂದು ಹೇಳಿರಲಿಲ್ಲ. ಕಣ್ಣೆದುರಿನ ಮೆಟ್ಟಿಲೊಂದನ್ನೇ ನೋಡುತ್ತ, ಇನ್ನೊಂದು, ಇನ್ನೊಂದು ಎನ್ನುತ್ತ, ತಲೆಯೆತ್ತಿದಾಗ ಏಣಿಯ ತುದಿಯಾಚೆ ಅತ್ತೆಯ ಮುಖವಿತ್ತು. ಆ ಮುಖವೂ ಬಿಳಿಚಿತ್ತು.

"ನಿನಗೆ ತಲೆ ಕೆಟ್ಟಿದೆಯೇನೇ?"

"ಚಾಕು ಇತ್ತ ಹಿಡೀರಿ. ಬಾಯಿಂದ ದೂರ."

"ಏಣಿ ಬಿಡಬೇಡ."

"ಬಿಡಲ್ಲ."

ಸೂಜಿಗೂ ಇದ್ದದ್ದು ಈಗ ಒಂದೇ ಕೈ. ಅತ್ತೆ ಹಿಡಿಯನ್ನು ನಾಲ್ಕು ಬೆರಳಿನಿಂದ ಹಿಡಿದು, ಅಲಗಿನ ಬೆನ್ನನ್ನು ಏಣಿಯ ಕಾಲಿಗೆ ಆನಿಸಿದಳು. ಸೂಜಿ ಕೈ ಚಾಚಿ, ಹಿಡಿಯ ಬೆನ್ನಿನ ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು, ಉಗುರು ಬಿಳಿಯಾಗುವಷ್ಟು ಒತ್ತಿದಳು. ಅತ್ತೆ ತಳ್ಳಿದಳು. ಚಾಕು ಮಡಚಿಕೊಂಡಿತು.

ಕೆಳಗೆ ಯಜಮಾನಮ್ಮ ಎದ್ದು ನಿಂತಿದ್ದರು. ಚಹಾ ಚೆಲ್ಲಿತ್ತು.

"ಏನ್ರೀ ಅದು? ಒಂದು ಚಾಕು ಮುಚ್ಚೋಕೆ ಇಬ್ಬರಾ?"

ಅತ್ತೆ ಸೂಜಿಯ ಮುಖ ನೋಡಿದಳು. ಆಮೇಲೆ ಕೆಳಗೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು. "ಈ ಹೆಬ್ಬೆರಳು ಹೋಗಿದೆ, ಯಜಮಾನಮ್ಮ. ಚಳಿಗಾಲದಿಂದ."

ಏಣಿಯ ಕಾಲು ಹಿಡಿದಿದ್ದ ಮಾವನ ಬಾಯಿ ತೆರೆಯಿತು. "ಚಳಿಗಾಲದಿಂದಾ? ಅಂದ್ರೆ... ಗುಂಡಿ... ಅದಕ್ಕಾ?"

"ಏಣಿ ಗಟ್ಟಿಯಾಗಿ ಹಿಡೀರಿ. ಅದು ಮನೇಲಿ ಮಾತಾಡೋಣ."

ಯಜಮಾನಮ್ಮ ನಗಲಿಲ್ಲ. "ನಿಮ್ಮ ಕೈಯಿಂದಲೇ ಇಳಿಸ್ತೀನಿ ಅಂದಿದ್ರಿ."

"ಕೈ ನನ್ನದೇ. ಹೆಬ್ಬೆರಳು ಮಾತ್ರ ಸೊಸೇದು," ಅಂದಳು ಅತ್ತೆ. "ಸಾಲಲ್ಲ ಅಂದ್ರೆ ಹೇಳಿಬಿಡಿ, ಈಗಲೇ ಇಳಿದು ಕಿಟಕಿಗೆ ಹೋಗ್ತೀನಿ."

ಯಜಮಾನಮ್ಮ ಏಣಿಯ ಈ ಬದಿಯ ಮುದುಕಿಯನ್ನು ನೋಡಿದರು, ಆ ಬದಿಯಲ್ಲಿ ಕಣ್ಣು ಮುಚ್ಚಿ ಮೆಟ್ಟಿಲು ತಬ್ಬಿಕೊಂಡಿದ್ದ ಹುಡುಗಿಯನ್ನು ನೋಡಿದರು.

"ಇನ್ನೂ ಎರಡು ಕಟ್ಟಿದೆ," ಅಂದರು ಕೊನೆಗೆ, ಕೂರುತ್ತ. "ಅರ್ಧಂಬರ್ಧ ನೇತಾಡ್ತಿರೋ ಪರದೆ ನೋಡೋಕೆ ಯಾರು ಟಿಕೆಟ್ ತಗೋತಾರೆ? ಆ ಹುಡುಗಿಗೆ ಮೊದಲು ಕಣ್ಣು ಬಿಡೋಕೆ ಹೇಳಿ."

ಏಣಿ ಬಲಗಡೆಗೆ ಸರಿಯಿತು. ಇಬ್ಬರೂ ಹತ್ತಿದರು, ಒಬ್ಬಳು ಈ ಬದಿಯಿಂದ, ಒಬ್ಬಳು ಆ ಬದಿಯಿಂದ. ಅತ್ತೆ ಬಿಚ್ಚಿದಳು, ಕುಯ್ದಳು. ಸೂಜಿ ಒತ್ತಿದಳು, ಅತ್ತೆ ಮಡಚಿದಳು. ಏಣಿ ನಡುವಿಗೆ ಬಂತು. ಈ ಸಲ ಸೂಜಿ ಕಣ್ಣು ಮುಚ್ಚಲಿಲ್ಲ.

"ಮುಖ ಹಿಂದಕ್ಕೆ," ಅಂದಳು ಅತ್ತೆ. "ಇದು ಹೋದರೆ ಎಲ್ಲ ಒಟ್ಟಿಗೇ ಹೋಗತ್ತೆ."

ಮೊಣಕೈ ಹಿಂದಕ್ಕೆ ಹೋಯಿತು. ಕಟ್. ಅಲಗು ಹಗ್ಗವನ್ನು ಎಳೆ ಎಳೆಯಾಗಿ ಕಡಿಯಿತು. ಕೊನೆಯ ಎಳೆ ತಾನಾಗಿಯೇ ಹರಿಯಿತು, ಗುಂಡು ಹಾರಿದಂಥ ಸದ್ದಿನೊಂದಿಗೆ. ಸೂಜಿ ಚೀರಿದಳು, ಕೆಳಗೆ ಬಡಗಿಯೂ ಚೀರಿದ. ಗಳ ಉರುಳಿತು, ಉರುಳಿ ಉರುಳಿ ಇಳಿಯಿತು. ವರ್ಷಗಳ ಧೂಳು ಒಮ್ಮೆಲೇ ಎದ್ದು ಏಣಿಯನ್ನೂ ಅದರ ಮೇಲಿದ್ದವರನ್ನೂ ನುಂಗಿತು. ಧೂಳಿನೊಳಗಿಂದ ಅತ್ತೆಯ ದನಿ ಮಾತ್ರ ಕೇಳಿತು: "ಒತ್ತೇ, ಹೆಬ್ಬೆರಳೇ!" ಚಾಕು ಮಡಚಿದ ಸದ್ದಿಗೂ, ಕೆಳಗೆ ಗಳ ರಂಗದ ಹಲಗೆಯನ್ನು ಮುಟ್ಟಿದ ಸದ್ದಿಗೂ ನಡುವೆ ಒಂದು ಸೀನಿನಷ್ಟೂ ಅಂತರವಿರಲಿಲ್ಲ. ಪರದೆ ಇಳಿದಿತ್ತು.